ಒಂದು ಬಾಟಲಿ, ಎರಡು ಸೊನ್ನೆ

ಸರ್ಕಾರಿ ಕೆಲಸಕ್ಕೆ ಸೇರಿ ಎರಡು ವರ್ಷ ತುಂಬುವ ಮೊದಲೇ, ನನಗಿಂತ ದುಪ್ಪಟ್ಟು ವಯಸ್ಸಿನ ಹನ್ನೊಂದು ಗಂಡಸರ ಎದುರು ನಿಂತು ಪರಂಗಿ ರೋಗದ, ಅಂದರೆ ಸಿಫಿಲಿಸ್‌ನ, ಬಗ್ಗೆ ಪಾಠ ಮಾಡುವ ಭಾಗ್ಯ ನನ್ನದಾಯಿತು. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ನಾನು ಬಿ.ಎಸ್ಸಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಗಲೂ ಎಲ್ಲರಿಗೂ ಮೊದಲು ಅದನ್ನೇ ಹೇಳುತ್ತಿದ್ದೆ. ದೊಡ್ಡಬಳ್ಳಾಪುರದ ಕಡೆಯ ನಮ್ಮ ಮನೆತನದಲ್ಲಿ ಗಂಡು ಹೆಣ್ಣು ಎಲ್ಲರನ್ನೂ ಸೇರಿಸಿದರೂ ಡಿಗ್ರಿ ಕಂಡವಳು ನಾನೊಬ್ಬಳೇ. ದಿನಾ ನಾಲ್ಕು ಮೈಲಿ ನಡೆದು ಹೈಸ್ಕೂಲು ಮುಗಿಸಿದೆ. ಬೆಂಗಳೂರಿನ ಹಾಸ್ಟೆಲಿನಲ್ಲಿ ನೀರು ಸಾರು ಉಂಡು ಕಾಲೇಜು ಓದಿದೆ. ರಸಾಯನಶಾಸ್ತ್ರದಲ್ಲಿ ಒಂದು ಸಲ ಡುಮ್ಕಿ ಹೊಡೆದೆ, ಎರಡನೇ ಸಲ ಪಾಸಾದೆ. ಯಾರೂ ಕೈಹಿಡಿದು ಮೇಲೆತ್ತಲಿಲ್ಲ, ಆದ್ದರಿಂದ ಜಂಬ ಪಡುವ ಹಕ್ಕೂ ಪೂರ್ತಿ ನನ್ನದೇ ಎಂದುಕೊಂಡಿದ್ದೆ.

ಕೆಲಸ ಬೆಂಗಳೂರಿನ ಒಂದು ಸರ್ಕಾರಿ ಲ್ಯಾಬಿನಲ್ಲಿ. ಸುತ್ತಲಿನ ತಾಲ್ಲೂಕುಗಳಿಂದ ಬಸುರಿಯರ ರಕ್ತ ಸಣ್ಣ ಸೀಸೆಗಳಲ್ಲಿ ಬರುತ್ತಿತ್ತು. ಅದರ ತಿಳಿಯನ್ನು ಗಾಜಿನ ಮೇಲೆ ಹಾಕಿ, ಮದ್ದು ಬೆರೆಸಿ, ಅಲ್ಲಾಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಪರಂಗಿ ರೋಗ ಇದ್ದರೆ ಒಡೆದ ಹಾಲಿನ ಹಾಗೆ ಚೂರು ಚೂರಾಗಿ ಕಾಣುತ್ತದೆ, ಇಲ್ಲದಿದ್ದರೆ ನೀರು ಮಜ್ಜಿಗೆಯ ಹಾಗೆ ಸಮವಾಗಿರುತ್ತದೆ. ಊರಲ್ಲಿ ಅಪ್ಪ ಇದನ್ನೇ ತನ್ನ ಮಟ್ಟಕ್ಕೆ ಇಳಿಸಿಕೊಂಡಿದ್ದ.

“ನನ್ ಮಗ್ಳು ರಕ್ತ ನೋಡಿ ಕಾಯ್ಲೆ ಹೇಳ್ತಾಳೆ ಕಣ್ರಪ್ಪ.”

“ಯಾವ್ ಕಾಯ್ಲೆ?”

“ಎಲ್ಲಾನೂ!”

ಆ ‘ಎಲ್ಲಾನೂ’ ಒಳಗೆ ಇದ್ದದ್ದು ಒಂದೇ ಕಾಯಿಲೆ ಎಂದು ನಾನು ಅಪ್ಪನಿಗೆ ಹೇಳಲಿಲ್ಲ. ಅವನೂ ಕೆದಕಲಿಲ್ಲ.

ಆದರೆ ನಾವು ಕಳಿಸಿದ ರಿಪೋರ್ಟುಗಳು ಆರೋಗ್ಯ ಕೇಂದ್ರಗಳಿಗೆ ಹೋಗಿ ತಂತಿಗೆ ಚುಚ್ಚಿಸಿಕೊಂಡು ತೂಗಾಡುತ್ತಿದ್ದವು. ಅವನ್ನು ಓದಿ ಏನು ಮಾಡಬೇಕೆಂದು ಅಲ್ಲಿನವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರಿಗೆ ನಾಚಿಕೆ. ಅದಕ್ಕೇ ಮೇಲಿನವರು ಒಂದು ತರಬೇತಿ ಹಾಕಿದರು: ನಮ್ಮ ಲ್ಯಾಬಿನ ಡಾಕ್ಟರು ರೋಗ ಗುರುತಿಸುವುದು, ಮದ್ದು ಕೊಡುವುದನ್ನು ಕಲಿಸಬೇಕು, ನಾನು ರಕ್ತ ತೆಗೆದು ಕಳಿಸುವುದನ್ನು ಕಲಿಸಬೇಕು. ಮೊದಲ ತರಬೇತಿ ದೇವನಹಳ್ಳಿ ತಾಲ್ಲೂಕಿನ ಒಂದು ಆರೋಗ್ಯ ಕೇಂದ್ರದ ವರಾಂಡದಲ್ಲಿ ನಡೆಯಿತು. ಸುತ್ತಲಿನ ಕಾಂಪೌಂಡರುಗಳು, ಹೆಲ್ತ್ ಇನ್ಸ್‌ಪೆಕ್ಟರುಗಳು, ಡಿಗ್ರಿ ಇಲ್ಲದೆ ಡಾಕ್ಟರಿಕೆ ನಡೆಸುತ್ತಿದ್ದ ಇಬ್ಬರು, ಎಲ್ಲ ಸೇರಿ ಹನ್ನೊಂದು ಗಂಡಸರು. ಹೆಂಗಸೆಂದರೆ ಹೆರಿಗೆ ಮಾಡಿಸುವ ನರ್ಸಮ್ಮ ಒಬ್ಬರೇ.

ನಮ್ಮ ಡಾಕ್ಟರು ತುಂಬ ಓದಿಕೊಂಡವರು, ಒಳ್ಳೆಯವರು, ಆದರೆ ಈ ವಿಷಯವನ್ನು ಅವರು ಇಂಗ್ಲಿಷಿನಲ್ಲಿ ಮಾತ್ರ ಬಲ್ಲರು. ಕನ್ನಡಕ್ಕೆ ಬಂದ ಕೂಡಲೇ ಅವರ ಕಿವಿ ಕೆಂಪಾಗುತ್ತಿತ್ತು. “ಆ… ಅಂಥ ಜಾಗದಲ್ಲಿ… ಒಂದು ಥರದ ಹುಣ್ಣು…” ಎಂದವರೇ ಚಾಕ್‌ಪೀಸನ್ನು ನನ್ನ ಕೈಗಿಟ್ಟು, “ಉಳಿದದ್ದು ಇವರು ಹೇಳ್ತಾರೆ,” ಎಂದು ಬೇವಿನ ಮರದ ಕೆಳಗೆ ಸಿಗರೇಟು ಸೇದಲು ಹೋದರು.

ಹನ್ನೊಂದು ಗಂಡಸರು ಒಟ್ಟಿಗೆ ತಲೆಯೆತ್ತಿ ಹೆಂಚು ಎಣಿಸತೊಡಗಿದರು.

ನಾನು ಬಿ.ಎಸ್ಸಿ. ಎಂದು ಮೂರು ಸಲ ಮನಸ್ಸಿನಲ್ಲೇ ಹೇಳಿಕೊಂಡು ಶುರು ಮಾಡಿದೆ. ರೋಗ ಹೇಗೆ ಬರುತ್ತದೆ ಎಂದು ಹೇಳಿದೆ. ಹುಣ್ಣು ಎಲ್ಲಿ ಏಳುತ್ತದೆ ಎಂದು ಹೇಳಿದೆ. ಅದು ನೋಯುವುದಿಲ್ಲ, ಔಷಧಿ ಇಲ್ಲದಿದ್ದರೂ ಕೆಲವು ವಾರಗಳಲ್ಲಿ ತಾನಾಗಿ ಮಾಯುತ್ತದೆ, ಆಮೇಲೆ ಅಂಗೈ ಅಂಗಾಲಿನಲ್ಲಿ ಗಂಧೆ ಏಳಬಹುದು, ಅದೂ ತಾನಾಗಿ ಹೋಗುತ್ತದೆ, ರೋಗ ಮಾತ್ರ ಒಳಗೇ ಕೂತಿರುತ್ತದೆ ಎಂದೆ.

ಮುಂದಿನ ಬೆಂಚಿನ ಕಾಂಪೌಂಡರು ಹೆಂಚು ಎಣಿಸುವುದನ್ನು ನಿಲ್ಲಿಸಿದರು. ಐವತ್ತು ದಾಟಿದ ಮನುಷ್ಯ, ಪಂಚೆಯ ಮೇಲೆ ಇಸ್ತ್ರಿ ಕೋಟು, ಬೆರಳ ತುದಿಯಲ್ಲಿ ನಶ್ಯ. ಆ ಕೇಂದ್ರದಲ್ಲಿ ಡಾಕ್ಟರುಗಳು ಬರುತ್ತಿದ್ದರು, ವರ್ಗವಾಗಿ ಹೋಗುತ್ತಿದ್ದರು. ಇವರು ಮಾತ್ರ ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದರು. ಗಾಯಕ್ಕೆಲ್ಲ ಅವರ ಮದ್ದು ಒಂದೇ, ನೇರಳೆ ಬಣ್ಣದ ನೀರು.

“ತಾನಾಗೇ ಮಾಯ್ತದಾ ಮೇಡಂ?”

“ಹೌದು.”

“ಏನೂ ಹಚ್ಚದಿದ್ರೂ?”

“ಏನೂ ಹಚ್ಚದಿದ್ರೂ.”

ಅವರು ಒಂದು ಚಿಟಿಕೆ ನಶ್ಯ ಏರಿಸಿದರು. “ಹಂಗಾದ್ರೆ ಇಪ್ಪತ್ತ್ ವರ್ಷದಿಂದ ನಾನ್ ವಾಸಿ ಮಾಡಿದ್ದು ಒಂದೂ ವಾಸಿ ಆಗಿಲ್ವಾ?”

ಹಿಂದಿನ ಬೆಂಚಿನಿಂದ ಯಾರೋ, “ಕಾಂಪೌಂಡ್ರೇ, ನಿಮ್ ನೇರಳೆ ನೀರಿಗೆ ಇವತ್ತು ತಿಥಿ ಕಣ್ರೀ,” ಎಂದರು. ಎಲ್ಲರೂ ನಕ್ಕರು. ಕಾಂಪೌಂಡರು ನಗಲಿಲ್ಲ. ಕೋಟಿನ ಜೇಬಿನಿಂದ ಪುಸ್ತಕ ತೆಗೆದು, ಅಲ್ಲಿಂದ ಮುಂದೆ ನಾನು ಹೇಳಿದ ಪ್ರತಿಯೊಂದನ್ನೂ ಬರೆದುಕೊಂಡರು.

ನರ್ಸಮ್ಮ ಎದ್ದು ನಿಂತರು. “ಮೇಡಂ, ಒಬ್ಬಳಿಗೆ ಮೂರು ಬಸುರು. ಎರಡು ಹೊಟ್ಟೇಲೇ ಹೋದ್ವು. ಒಂದು ಹುಟ್ಟಿ ಹದಿನೈದು ದಿನಕ್ಕೆ ಹೋಯ್ತು. ಈಗ ಮತ್ತೆ ಮೂರು ತಿಂಗ್ಳು. ಇದೇನಾ?”

“ಇರಬಹುದು. ರಕ್ತ ಕಳಿಸಿ.”

“ಬೇಗ ಹೇಳ್ಬೇಕು ಮೇಡಂ. ಈ ಸಲಾನೂ ಮಗು ನಿಲ್ದಿದ್ರೆ ಅವಳ ಗಂಡನಿಗೆ ಇನ್ನೊಂದು ಮದ್ವೆ ಮಾಡ್ತಾರಂತೆ. ಅತ್ತೆ ಹೊಸಕೋಟೆ ಕಡೆ ಹೆಣ್ಣು ನೋಡಿ ಬಂದಿದಾಳೆ.”

ವರಾಂಡದಲ್ಲಿ ನಗು ನಿಂತಿತು. ನಾನು ಚಿಕಿತ್ಸೆಯ ಪಾಠಕ್ಕೆ ಬಂದೆ. ಹೆಂಡತಿಗೆ ರೋಗ ಸಿಕ್ಕಿದರೆ ಗಂಡನಿಗೂ ಮದ್ದು ಹಾಕಲೇಬೇಕು, ಒಬ್ಬರಿಗೆ ಹಾಕಿ ಒಬ್ಬರನ್ನು ಬಿಟ್ಟರೆ ರೋಗ ಮತ್ತೆ ತಿರುಗಿ ಬರುತ್ತದೆ ಎಂದು ಒತ್ತಿ ಹೇಳಿದೆ. ಮೊದಲು ಚರ್ಮದಡಿ ಒಂದು ಹನಿ ಪೆನ್ಸಿಲಿನ್ ಹಾಕಿ, ಅದು ಮೈಗೆ ಒಗ್ಗುತ್ತದೆಯೇ ಎಂದು ಅರ್ಧ ಗಂಟೆ ಕಾದು ನೋಡಬೇಕು ಎಂದೆ. ಇನ್ನು ಉಳಿದದ್ದು ಇಂಜೆಕ್ಷನ್ ಕೊಡುವ ಜಾಗ.

ಮದ್ದು ಬಹಳ, ಮೊಸರಿನ ಹಾಗೆ ಗಟ್ಟಿ. ಒಂದೇ ಕಡೆ ಚುಚ್ಚಿದರೆ ಮನುಷ್ಯ ನಾಲ್ಕು ದಿನ ಕೂರಲಾರ. ಬಾಟಲಿಯಲ್ಲಿ ಅರ್ಧ ಎಡ ಕುಂಡಿಗೆ, ಅರ್ಧ ಬಲ ಕುಂಡಿಗೆ. ಇಷ್ಟೇ. ಅಲ್ಲಿಯವರೆಗೆ ಹೇಳಬಾರದ್ದನ್ನೆಲ್ಲ ಗಂಟಲು ನಡುಗದೆ ಹೇಳಿದ್ದ ನನಗೆ ಆ ಒಂದು ಮಾತು ಬಾಯಿಂದ ಹೊರಡಲಿಲ್ಲ. ಆ ಮಾತು ನಮ್ಮಮ್ಮ ನನ್ನನ್ನು ಬೈಯುವಾಗ ಬಳಸುತ್ತಿದ್ದದ್ದು. ಬಿ.ಎಸ್ಸಿ. ಪಾಠದಲ್ಲಿ ಅದು ಬಂದಿರಲಿಲ್ಲ. ನಾನು ಬೋರ್ಡಿನ ಕಡೆ ತಿರುಗಿ, ಅಕ್ಕಪಕ್ಕ ಎರಡು ಸೊನ್ನೆ ಬರೆದೆ. “ಒಂದು ಬಾಟಲಿ. ಇದಕ್ಕೆ ಅರ್ಧ, ಇದಕ್ಕೆ ಅರ್ಧ. ವಾರಕ್ಕೊಂದು ಸಲ, ಮೂರು ವಾರ. ಗೊತ್ತಾಯ್ತಲ್ಲ?”

“ಗೊತ್ತಾಯ್ತು ಮೇಡಂ,” ಎಂದರು ಹನ್ನೊಂದು ಜನ. ಕಾಂಪೌಂಡರು ಎರಡು ಸೊನ್ನೆಗಳನ್ನು ಪುಸ್ತಕದಲ್ಲಿ ದುಂಡಗೆ ಬರೆದುಕೊಂಡರು.

ಆ ಹೆಂಗಸಿನ ರಕ್ತ ಮರುವಾರ ಬಂತು. ಗಾಜಿನ ಮೇಲೆ ಹಾಲು ಒಡೆದಿತ್ತು. ಗಂಡ ವಾರಕ್ಕೆರಡು ಸಲ ಚಕ್ಕೋತ, ತರಕಾರಿ ಗಾಡಿಗೆ ಹೇರಿಕೊಂಡು ಬೆಂಗಳೂರಿನ ಮಾರ್ಕೆಟ್ಟಿಗೆ ಬಂದು, ಅಲ್ಲೇ ಉಳಿದು ಮರುದಿನ ಊರಿಗೆ ಹೋಗುವ ಮನುಷ್ಯ ಎಂದು ನರ್ಸಮ್ಮ ಚೀಟಿಯಲ್ಲಿ ಬರೆದಿದ್ದರು. ಆ ಕೇಂದ್ರದಿಂದಲೇ ಇನ್ನೂ ಎರಡು ಬಸುರಿಯರ ರಕ್ತದಲ್ಲಿ ರೋಗ ಕಂಡಿತು. ಮೂವರ ರಿಪೋರ್ಟನ್ನೂ ಕೆಂಪು ಶಾಯಿಯಲ್ಲಿ ಬರೆದು, ಜೊತೆಗೆ ಮೂರು ಜೋಡಿಗೂ ಸೇರಿ ಹದಿನೆಂಟು ಬಾಟಲಿ ಮದ್ದು ಕಳಿಸಿದೆವು.

ಒಂದು ತಿಂಗಳು ಬಿಟ್ಟು ಡಾಕ್ಟರೂ ನಾನೂ ಮತ್ತೆ ಹೋದೆವು. ಬಾಗಿಲಲ್ಲೇ ಕಾಂಪೌಂಡರು ಹಬ್ಬದ ಮುಖ ಮಾಡಿಕೊಂಡು ನಿಂತಿದ್ದರು.

“ಮೂರು ಜೋಡಿ ಮೇಡಂ. ಗಂಡಂದಿರೂ ಬಂದ್ರು! ಒಬ್ಬನ್ನಂತೂ ರಾಗಿ ಹೊಲದಿಂದ ಅಟ್ಟಿಸ್ಕೊಂಡ್ ಬಂದೆ. ಮೂರು ವಾರ, ಒಂದಿನ ತಪ್ಪಿಲ್ಲ. ಚರ್ಮದಡಿ ಹನಿ ಹಾಕಿ, ಗಡಿಯಾರ ನೋಡಿ ಅರ್ಧ ಗಂಟೆ ಕಾದಿದೀನಿ.”

ನನಗೆ ಹೆಮ್ಮೆಯಿಂದ ಎದೆ ಉಬ್ಬಿತು. ಹದಿನೆಂಟು ಖಾಲಿ ಬಾಟಲಿ ವಾಪಸು ತೆಗೆದುಕೊಳ್ಳಬೇಕೆಂದು ಬೀರು ತೆಗೆದೆ. ಖಾಲಿ ಬಾಟಲಿ ಒಂಬತ್ತೇ ಇದ್ದವು. ತುಂಬಿದ ಒಂಬತ್ತು ಸಾಲಾಗಿ ಹಾಗೇ ಕೂತಿದ್ದವು.

“ಇದೇನು, ಇಷ್ಟು ಉಳಿದಿದೆ?”

“ನೀವು ಲೆಕ್ಕಕ್ಕಿಂತ ಜಾಸ್ತಿ ಕಳ್ಸಿದ್ರಿ. ನೀವು ಹೇಳ್ದಂಗೇ ಒಂದ್ ಬಾಟ್ಲಿ, ಅರ್ಧ ಗಂಡಂಗೆ, ಅರ್ಧ ಹೆಂಡ್ತಿಗೆ.” ಪುಸ್ತಕ ತೆರೆದು ತೋರಿಸಿದರು. ನಾನು ಬರೆದಿದ್ದ ಎರಡು ಸೊನ್ನೆಗಳೇ. ಒಂದರ ಕೆಳಗೆ ಅಚ್ಚುಕಟ್ಟಾಗಿ ‘ಯಜಮಾನ’ ಎಂದು, ಇನ್ನೊಂದರ ಕೆಳಗೆ ‘ಮನೆಯವಳು’ ಎಂದು ಬರೆದಿತ್ತು. “ಪಾಠ ನಂಗೆ ಬಾಳಾ ಹಿಡಿಸ್ತು ಮೇಡಂ. ಗಂಡ ಹೆಂಡ್ತಿ ಅಂದ್ಮೇಲೆ ಕಷ್ಟ ಸುಖ ಅರ್ಧ ಅರ್ಧ ತಾನೇ? ಆ ಸೊನ್ನೆ ಬರ್ಯೋವಾಗ್ಲೇ ಅನ್ಕೊಂಡೆ, ಇದು ಓದಿರೋರ ತಲೆ ಅಂತ.”

ನಾನು ಬೆಂಚಿನ ಮೇಲೆ ಕೂತೆ. ಅರ್ಧ ಮದ್ದು ಎಂದರೆ ಸತ್ತೂ ಸಾಯದ ರೋಗ. ಆ ಹೆಂಗಸಿಗೆ ನಾಲ್ಕು ತುಂಬಿ ಐದಕ್ಕೆ ಬಿದ್ದಿತ್ತು. ದಿನ ಕಳೆದಷ್ಟೂ ರೋಗ ಹೊಟ್ಟೆಯೊಳಗಿನ ಕೂಸಿಗೆ ದಾಟುತ್ತದೆ. ಅವಳ ಎರಡನೇ ಮಗು ಹೋದದ್ದು ಏಳನೇ ತಿಂಗಳಿಗೆ. ಇಷ್ಟಕ್ಕೆಲ್ಲ ಕಾರಣ ಇಪ್ಪತ್ತಮೂರು ವರ್ಷದ ಒಬ್ಬ ಪದವೀಧರೆಯ ನಾಚಿಕೆ.

ಆ ದಿನವೂ ಕಾಂಪೌಂಡರುಗಳೆಲ್ಲ ಸೇರಿದ್ದರು. ನಾನು ಎದ್ದು ಬೋರ್ಡಿನ ಮೇಲೆ ಮನುಷ್ಯನ ಬೆನ್ನು, ಸೊಂಟ, ಕಾಲು ಪೂರ್ತಿ ಬರೆದು, ತಿರುಗಿ ನಿಂತು, ಇಡೀ ವರಾಂಡಕ್ಕೆ ಕೇಳುವಂತೆ ಹೇಳಿದೆ: “ಕುಂಡಿ! ಒಬ್ಬ ಮನುಷ್ಯನಿಗೆ ಎರಡು ಕುಂಡಿ. ಎಡ ಕುಂಡಿಗೆ ಅರ್ಧ, ಬಲ ಕುಂಡಿಗೆ ಅರ್ಧ. ಗಂಡನಿಗೆ ಬೇರೆ ಬಾಟಲಿ, ಹೆಂಡತಿಗೆ ಬೇರೆ ಬಾಟಲಿ. ಹೋದ ಸಲ ನಾನು ಬಾಯಿಬಿಟ್ಟು ಹೇಳಲಿಲ್ಲ. ತಪ್ಪು ನನ್ನದು.”

ಬೇವಿನ ಮರದ ಕೆಳಗೆ ಡಾಕ್ಟರು ಸಿಗರೇಟಿನ ಹೊಗೆ ನುಂಗಿ ಕೆಮ್ಮಿದರು.

ಕಾಂಪೌಂಡರು ಪುಸ್ತಕ ನೋಡಿದರು, ಬೋರ್ಡು ನೋಡಿದರು. ಮುಖ ಬಿಳುಚಿತು. ಆಮೇಲೆ ಅವರು ಮಾಡಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ಎದ್ದು ಬಂದು, ಸಭೆಗೆ ಬೆನ್ನು ಮಾಡಿ, ಇಸ್ತ್ರಿ ಕೋಟಿನ ಹಿಂಭಾಗ ಎತ್ತಿ ಹಿಡಿದು, “ಎಲ್ಲಾರೂ ಸರ್ಯಾಗ್ ನೋಡ್ಕೊಳ್ರಪ್ಪ. ಮೇಡಂ, ಸೂಜಿ ಬೀಳೋ ಜಾಗ ಎಲ್ಲಿ, ಚಾಕ್‌ಪೀಸಲ್ಲಿ ಗುರ್ತು ಮಾಡಿ,” ಎಂದರು. ನಾನು ಪಂಚೆಯ ಮೇಲೇ ಎರಡು ಕಡೆ ಗುರುತು ಮಾಡಿದೆ. ಹತ್ತು ಜನ ಗಂಡಸರು ಕತ್ತು ನೀಟಿ ನೋಡಿಕೊಂಡರು. ಯಾರೂ ಹೆಂಚು ಎಣಿಸಲಿಲ್ಲ.

ಉಳಿದೆರಡು ಜೋಡಿಗಳನ್ನು ನರ್ಸಮ್ಮ ಅಂದೇ ಕರೆತಂದರು. ಮೂರು ಮಕ್ಕಳನ್ನು ಕಳೆದುಕೊಂಡಿದ್ದ ಆ ಹೆಂಗಸೂ ಅವಳ ಗಂಡನೂ ಮಾತ್ರ ಬರಲಿಲ್ಲ. ಕಾಂಪೌಂಡರೂ ನಾನೂ ನಲ್ಲೂರಿನ ಹುಣಸೆ ತೋಪು ದಾಟಿ ಅವರ ಹಳ್ಳಿಗೆ ಹೋದೆವು. ಅತ್ತೆ ಜಗಲಿಯ ಮೇಲೆ ಕಾಲು ಚಾಚಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಸೊಸೆ ಬಾಗಿಲ ಹಿಂದೆ ನಿಂತಿದ್ದಳು, ಕಂಡದ್ದು ಅವಳ ಬಳೆ ಮಾತ್ರ. ಗಂಡ ಎತ್ತಿಗೆ ಹುಲ್ಲು ಹಾಕುತ್ತಿದ್ದವನು ನಮ್ಮನ್ನು ನೋಡಿದ್ದೇ ಎತ್ತಿನ ಆಚೆ ಬದಿಗೆ ಸರಿದ.

ನಾನು ಸುತ್ತಿ ಬಳಸದೆ ಹೇಳಿದೆ. “ಅಜ್ಜಿ, ನಿಮ್ಮ ಸೊಸೆಗೂ ಮಗನಿಗೂ ಹಾಕಿದ ಸೂಜಿ ಅರ್ಧ ಮಾತ್ರ. ತಪ್ಪು ನಮ್ಮದು. ಮತ್ತೆ ಮೊದಲಿಂದ ಹಾಕಬೇಕು.”

ಅವಳು ಬೀಜ ಬಿಡಿಸುವುದನ್ನು ನಿಲ್ಲಿಸಿದಳು. “ಯಾರ್ ತಪ್ಪು?”

“ನಮ್ಮದೇ.”

“ಲೇ ಮಗಾ, ಒಳಕ್ ನಡಿ,” ಎಂದು ಮಗನಿಗೆ ಕೂಗಿದಳು. “ಸರ್ಕಾರ್ದೋರು ತಪ್ಪು ಒಪ್ಕೊಳ್ತಾವ್ರೆ ಅಂದ್ರೆ ಏನೋ ಮಸಲತ್ತದೆ. ನಾನ್ ಹುಟ್ಟಿದ್ ಲಾಗಾಯ್ತೂ ಕಂಡಿಲ್ಲ.”

ಎತ್ತಿನ ಹಿಂದಿನಿಂದ ಮಗನ ದನಿ ಬಂತು. “ಮೂರ್ ಸಲ ಪಂಚೆ ಬಿಚ್ಚಿದೀನಿ ಮೇಡಂ. ಇನ್ನು ನನ್ ಕೈಲಾಗಲ್ಲ. ನಾಳಿದ್ದು ಬೆಂಗ್ಳೂರ್‌ಗೆ ಗಾಡಿ ಹೊರಡ್ಬೇಕು.”

ನಾನು ವಿಜ್ಞಾನ ಹೇಳತೊಡಗಿದೆ. ಮದ್ದಿನ ಪ್ರಮಾಣ, ರಕ್ತದಲ್ಲಿ ಅದು ನಿಲ್ಲುವ ದಿನ, ಎಲ್ಲ ಹೇಳಿದೆ. ಅತ್ತೆ ಪೂರ್ತಿ ಕೇಳಿ, “ಅದೆಲ್ಲ ಇರ್ಲಿ ಕಣವ್ವ. ಪಥ್ಯ ಏನ್ ಹೇಳಿದ್ರಿ?” ಎಂದಳು.

“ಪಥ್ಯ ಏನೂ ಇಲ್ಲ. ಎಲ್ಲ ತಿನ್ನಬಹುದು.”

“ಅದಕ್ಕೇ ಮತ್ತೆ! ಪಥ್ಯ ಇಲ್ದಿರೋದು ಔಸ್ತಿನಾ? ಸೂಜಿ ಚುಚ್ಚಿಸ್ಕೊಂಡ್ ಬಂದ್ ದಿವ್ಸಾನೇ ಇವನು ಎರಡು ಮುದ್ದೆ, ಬದನೆಕಾಯಿ ಗೊಜ್ಜು ಹೊಡ್ದ. ಎಲ್ ನಾಟ್ತದೆ?”

ನಾನು ಬಾಯಿ ತೆರೆಯುವ ಮೊದಲೇ ಕಾಂಪೌಂಡರು ಜಗಲಿಯ ಮೇಲೆ ಕೂತುಬಿಟ್ಟಿದ್ದರು. ಒಂದು ಚಿಟಿಕೆ ನಶ್ಯ ಏರಿಸಿ, ದನಿ ತಗ್ಗಿಸಿದರು. “ಯಜಮಾನ್ತಿ, ನೀವು ಹಿರಿಯೋರು, ಹಿಡಿದುಬಿಟ್ರಿ. ಪಥ್ಯ ಅದೆ. ಬಾಳಾ ಕಷ್ಟದ್ದು. ಈ ಮನೇಲಿ ಆಗ್ತದೋ ಇಲ್ವೋ ಅಂತ ನಾನೇ ಹೇಳಿರ್ಲಿಲ್ಲ.”

“ಈ ಮನೇಲಿ ಆಗ್ದೆ ಇರೋದು ಯಾವ್ದಯ್ಯ? ಹೇಳು.”

“ಮೂರು ವಾರ ಬದನೆಕಾಯಿ ಇಲ್ಲ, ಹುಣಸೆಹಣ್ಣು ಇಲ್ಲ.”

ಅತ್ತೆ ಮೊಣಕೈವರೆಗೂ ಹುಣಸೆಹಣ್ಣು ಮೆತ್ತಿದ್ದ ಕೈಯನ್ನು ನೋಡಿಕೊಂಡಳು. “ತೋಪಿನ ಪಕ್ಕ ಕೂತು ಹುಣಸೆ ಬಿಡೋದಾ? ಸರಿ, ಬಿಟ್ಟೆ. ಮುಂದೆ?”

“ಇವರಿಬ್ರೂ ಒಂದ್ ಚಾಪೆ ಮೇಲೆ ಮಲಗಂಗಿಲ್ಲ.”

“ನಡುಮನೆ ಬಾಗ್ಲಲ್ಲಿ ನಾನೇ ಮಲಗ್ತೀನಿ. ಯಾವನ್ ದಾಟ್ತಾನೋ ನೋಡ್ತೀನಿ. ಮುಂದೆ?”

ಕಾಂಪೌಂಡರು ಎತ್ತಿನ ಕಡೆ ಒಮ್ಮೆ ನೋಡಿದರು. “ಕೊನೇದು. ಇದೇ ಕಷ್ಟ. ಗಂಡಸು ಸಿಟಿ ನೀರು ಕುಡಿಯಂಗಿಲ್ಲ. ಒಂದು ತೊಟ್ಟು ಬಿದ್ರೂ ಸೂಜಿ ಕೆಟ್ಟೋಯ್ತದೆ.”

“ಅಯ್ಯೋ ಕಾಂಪೌಂಡ್ರೇ!” ಎಂದು ಎತ್ತಿನ ಹಿಂದಿನಿಂದ ನರಳಿದ ಸದ್ದು ಬಂತು.

“ಬಾಯ್ ಮುಚ್ಚು. ಗಾಡಿ ಜೊತೆ ನಿನ್ ತಮ್ಮ ಹೋಗ್ತಾನೆ,” ಎಂದಳು ತಾಯಿ. ಬಾಗಿಲ ಹಿಂದೆ ಬಳೆ ಸದ್ದಾಯಿತು. ನಗುವನ್ನು ಕೈಯಲ್ಲಿ ಮುಚ್ಚಿಕೊಂಡವರ ಬಳೆ ಹಾಗೆ ಸದ್ದು ಮಾಡುತ್ತದೆ.

ಜೀಪಿನಲ್ಲಿ ನಾನು ಕಾಂಪೌಂಡರ ಮೇಲೆ ಹರಿಹಾಯ್ದೆ. “ಬದನೆಕಾಯಿಗೂ ಪೆನ್ಸಿಲಿನ್‌ಗೂ ಏನು ಸಂಬಂಧ?”

“ಏನೂ ಇಲ್ಲ ತಾಯಿ. ಆದ್ರೆ ಬದನೆಕಾಯಿ ಬಿಡಿ ಅಂದ್ರೆ ಚಾಪೇನೂ ಬಿಡ್ತಾರೆ. ಚಾಪೆ ಒಂದೇ ಬಿಡಿ ಅಂದ್ರೆ ಯಾಕೆ ಅಂತ ಕೇಳ್ತಾರೆ. ಯಾಕೆ ಅಂತ ಆ ಜಗಲಿ ಮೇಲೆ ಹೇಳಿದ್ರೆ ಆ ಹೆಣ್ಣು ಆ ಮನೇಲಿ ಬಾಳ್ತಾಳಾ? ಆವಯ್ಯ ತಂದಿದ್ದಕ್ಕೂ ಇವಳನ್ನೇ ಹಿಡ್ಕೊಂಡ್ ಬಡೀತಾರೆ.”

ಪಥ್ಯದ ವಿಷಯ ಡಾಕ್ಟರಿಗೆ ಹೇಳಿದಾಗ ಅವರು, “ಇದು ಸೈನ್ಸ್ ಅಲ್ಲ,” ಎಂದರು. “ಸೈನ್ಸ್ ಬಾಟಲಿಯೊಳಗಿದೆ ಸರ್. ಅದು ಪೂರ್ತಿ ಒಳಗೆ ಹೋಗೋದಕ್ಕೆ ಇದು ಬೇಕಂತೆ,” ಎಂದೆ. ಅವರು ಸಿಗರೇಟು ಹಚ್ಚಿದರು.

ಮೂರು ವಾರವೂ ಅತ್ತೆಯೇ ಇಬ್ಬರನ್ನೂ ಮುಂದೆ ನಡೆಸಿಕೊಂಡು, ಹಿಂದೆ ಕೋಲು ಹಿಡಿದು ಬಂದಳಂತೆ. ಗಂಡಿಗೊಂದು ಬಾಟಲಿ, ಹೆಣ್ಣಿಗೊಂದು ಬಾಟಲಿ, ಎಡಕ್ಕರ್ಧ, ಬಲಕ್ಕರ್ಧ. ಒಳಗಿನಿಂದ ಮಗ ಕಿರುಚಿದರೆ ಹೊರಗಿನಿಂದ ತಾಯಿ, “ನಿಮ್ಮಪ್ಪ ಹಾವು ಕಚ್ಚಿದ್ರೂ ಕಮಕ್ ಕಿಮಕ್ ಅಂದಿರ್ಲಿಲ್ಲ,” ಎನ್ನುತ್ತಿದ್ದಳಂತೆ. ನರ್ಸಮ್ಮ ಇದನ್ನೆಲ್ಲ ರಕ್ತದ ಸೀಸೆಗಳ ಜೊತೆ ಚೀಟಿಯಲ್ಲಿ ಬರೆದು ಕಳಿಸುತ್ತಿದ್ದರು. ಲ್ಯಾಬಿನಲ್ಲಿ ನಾವು ರಕ್ತಕ್ಕಿಂತ ಮೊದಲು ಚೀಟಿ ಓದುತ್ತಿದ್ದೆವು.

ಏಳು ತಿಂಗಳು ದಾಟಿತು. ಎಂಟೂ ದಾಟಿತು. ಹೆಣ್ಣು ಮಗು, ತಿಂಗಳು ತುಂಬಿ ಹುಟ್ಟಿತು ಎಂಬ ಚೀಟಿ ಬಂದ ದಿನ ನಾನು ಕ್ಯಾಂಟೀನಿನಲ್ಲಿ ಎಲ್ಲರಿಗೂ ಮೈಸೂರುಪಾಕು ಕೊಡಿಸಿದೆ. ಯಾಕೆಂದು ಕೇಳಿದವರಿಗೆ, “ಪಥ್ಯ ಮುಗೀತು,” ಎಂದೆ.

ಆದರೆ ಪೂರ್ತಿ ನಿರಾಳವಾಗುವಂತಿರಲಿಲ್ಲ. ಹಿಂದಿನ ಮಗುವೂ ಹುಟ್ಟಿದಾಗ ಚೆನ್ನಾಗಿಯೇ ಇತ್ತು. ತಾಯಿಯ ರಕ್ತದ ಗುರುತು ಮಗುವಿನ ರಕ್ತದಲ್ಲಿ ಕೆಲವು ತಿಂಗಳು ಉಳಿಯುವುದರಿಂದ ಆಗಲೇ ಪರೀಕ್ಷೆ ಮಾಡಿಯೂ ಉಪಯೋಗವಿಲ್ಲ. ನರ್ಸಮ್ಮ ವಾರ ವಾರ ಹೋಗಿ ಮಗುವನ್ನು ನೋಡಿ ಬಂದರು. ಆರು ತಿಂಗಳಿಗೆ ಕಾಂಪೌಂಡರು ರಕ್ತ ತೆಗೆದು ಕಳಿಸಿದರು. ಆ ಗಾಜನ್ನು ನಾನು ಮೂರು ಸಲ ನೋಡಿದೆ. ನನ್ನ ಕಣ್ಣನ್ನು ನಂಬದೆ ಡಾಕ್ಟರ ಕೈಲೂ ನೋಡಿಸಿದೆ. ನೀರು ಮಜ್ಜಿಗೆ, ಎಲ್ಲೂ ಒಂದು ಚೂರಿಲ್ಲ.

ಆ ರಿಪೋರ್ಟನ್ನು ಅಂಚೆಗೆ ಹಾಕಲು ಮನಸ್ಸಾಗದೆ ನಾನೇ ತೆಗೆದುಕೊಂಡು ಹೋದೆ. ಜಗಲಿಯ ಮೇಲೆ ಅತ್ತೆ ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ನೀವುತ್ತಿದ್ದಳು. ಈ ಸಲ ಸೊಸೆ ಬಾಗಿಲ ಹಿಂದೆ ನಿಲ್ಲಲಿಲ್ಲ. ಹೊರಗೆ ಬಂದಳು. ಒಂದು ವರ್ಷದಲ್ಲಿ ನಾನು ಅವಳ ಮುಖ ನೋಡಿದ್ದು ಅದೇ ಮೊದಲು. ನನಗಿಂತ ಚಿಕ್ಕವಳು.

ನಾನು ಕಾಗದ ಬಿಚ್ಚಿ ಮೆಲ್ಲಗೆ, “ಮಗು ರಕ್ತದಲ್ಲಿ ಯಾವ ದೋಷವೂ ಇಲ್ಲ,” ಎಂದೆ.

“ಜೋರಾಗಿ ಓದಿ ಅಕ್ಕಾ,” ಎಂದಳು ಅವಳು. “ನಮ್ಮತ್ತೇಗೆ ಕಿವಿ ಸ್ವಲ್ಪ ಮಂದ.”

ಅತ್ತೆಯ ಕಿವಿ ಮೂರು ಹೊಲದಾಚೆಯ ಕರುವಿನ ಸದ್ದು ಕೇಳುವಂಥದ್ದೆಂದು ನನಗೆ ಗೊತ್ತಿತ್ತು. ಆದರೂ ಜೋರಾಗಿ ಓದಿದೆ. ಪಕ್ಕದ ಮನೆಯ ಹೆಂಗಸು ಗೋಡೆಯ ಮೇಲಿಂದ ತಲೆ ಎತ್ತಿದಳು.

“ಅವರಿಗೂ ಕೇಳಿಸ್ಲಿಲ್ಲ ಅನ್ಸತ್ತೆ. ಇನ್ನೊಂದ್ ಸಲ,” ಎಂದಳು ಸೊಸೆ.

ಮೂರನೇ ಸಲ ಓದಿದ ಮೇಲೆ ಅತ್ತೆ ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು, “ಕೇಳ್ಸ್ತು ಕಣೇ, ಸಾಕು ಬಿಡು,” ಎಂದು ಗದರಿ, ಒಳಗೆ ರೊಟ್ಟಿ ತಿನ್ನುತ್ತಿದ್ದ ಮಗನನ್ನು ಕೂಗಿದಳು. “ಲೇ, ತಿಂದಿದ್ದಾಯ್ತಾ? ಎದ್ದು ಹೊಸಕೋಟೆಗೆ ಹೋಗ್ಬಿಟ್ ಬಾ. ಆ ಹೆಣ್ಣಿಗೆ ಬೇರೆ ಕಡೆ ನೋಡ್ಕೊಳ್ಳಿ ಅಂತ ಹೇಳ್ಬಿಟ್ಟು, ಮಧ್ಯಾಹ್ನದ್ ಬಸ್ಸಿಗೇ ವಾಪಸ್ ಬಂದ್ಬಿಡ್ಬೇಕು, ಅಲ್ಲೇ ಉಳ್ಕೊಂಡೀಯಾ!”